ಹುಣಸೆಹಣ್ಣು ಹಾಕಿ ತಿಕ್ಕಿದ ದೇವಿ

ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಹ್ಯೂಸ್ಟನ್‌ನಿಂದ ಆಸ್ಟಿನ್‌ಗೆ ಹೋದ ದಿನ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಅವರ ಲೋಹದ ದೇವಿಯೂ ಸೀಟ್‌ಬೆಲ್ಟ್ ಹಾಕಿಕೊಂಡು ಕೂತಿದ್ದಳೆಂದು ನನಗೆ ನೆನಪು. ನನ್ನ ಗಂಡ ಹಾಗಲ್ಲ ಅನ್ನುತ್ತಾನೆ. ದೇವಿ ಡಿಕ್ಕಿಯಲ್ಲಿ, ಹಳೆಯ ರೈಸ್ ಕುಕ್ಕರಿನ ಪೆಟ್ಟಿಗೆಯೊಳಗೆ, ಎರಡು ಟವೆಲ್‌ಗಳ ನಡುವೆ ಮಲಗಿದ್ದಳಂತೆ. ಬೆಲ್ಟ್ ಹಾಕಿಸಿಕೊಂಡು ಕೂತದ್ದು ಚಕ್ಕುಲಿ ಡಬ್ಬವಂತೆ. ಅತ್ತೆಯನ್ನು ಕೇಳಿದರೆ, "ಯಾವುದಾದ್ರೇನು, ಎಲ್ರೂ ಕ್ಷೇಮವಾಗಿ ತಲುಪಿದ್ವಲ್ಲ" ಅನ್ನುತ್ತಾರೆ. ನಾನು ಡೈರಿ ಬರೆಯುವವಳು. ಆ ದಿನದ ಪುಟದಲ್ಲಿ ದೇವಿ ಎಲ್ಲಿದ್ದಳೆಂದು ಇಲ್ಲ. ದಾರಿಯಲ್ಲಿ ಬಿಸಿಲು ಜೋರಾಗಿತ್ತು ಎಂದು ಬರೆದಿದ್ದೇನೆ. ಟೆಕ್ಸಾಸಿನಲ್ಲಿ ಇದ್ದುಕೊಂಡು ಅದನ್ನೂ ಬರೆದಿಡಬೇಕಿತ್ತೆ?

ಇದೆಲ್ಲ ಶುರುವಾದದ್ದು ಒಂದು ಕ್ಲಾಸೆಟ್‌ನಿಂದ. ಡಲ್ಲಾಸ್ ಹತ್ತಿರದ ಲಿಟಲ್ ಎಲ್ಮ್‌ನಲ್ಲಿ ಮನೆ ಕೊಂಡಾಗ ಮುಂಬಾಗಿಲ ಪಕ್ಕ ಕೋಟು ತೂಗುಹಾಕಲೆಂದು ಬಿಲ್ಡರ್ ಕೊಟ್ಟಿದ್ದ ಕ್ಲಾಸೆಟ್ಟನ್ನು ನಾವು ದೇವರ ಮನೆ ಮಾಡಿದೆವು. ಮೂರು ಮೆಟ್ಟಿಲಿನ ಮರದ ಪೀಠ ಬಂತು, ದೀಪ ಬಂತು, ಗಂಟೆ ಬಂತು. ಮೇಲಿನ ಮೆಟ್ಟಿಲು ಖಾಲಿ ಉಳಿಯಿತು. ಅಲ್ಲಿ ಹಳೆಯ ಕಾಲದ ಕೈಕೆಲಸದ ಒಂದು ಮೂರ್ತಿ ಇರಬೇಕೆಂದು ನನ್ನ ಆಸೆ. ಯಾಕೆ ಹಳೆಯ ಕಾಲದ್ದೇ ಆಗಬೇಕಿತ್ತು ಎಂದು ಈಗ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಹೊಸ ಮನೆಯಲ್ಲಿ ಎಲ್ಲವೂ ಬಣ್ಣದ ವಾಸನೆ ಹೊಡೆಯುತ್ತಿತ್ತು, ಅದಕ್ಕಿರಬಹುದು.

ಡಲ್ಲಾಸ್‌ನಲ್ಲಿ ಹಳೆಯ ವಸ್ತುಗಳ ಅಂಗಡಿಯೊಂದಕ್ಕೆ ಹೋದೆ. ಗಾಜಿನ ಹಿಂದೆ, ಹಳದಿ ದೀಪದ ಕೆಳಗೆ, ನಮ್ಮ ಕಡೆಯದೇ ಎಂದು ನೋಡಿದ ಕೂಡಲೇ ಗೊತ್ತಾಗುವಂಥ ಒಂದು ಕಲ್ಲಿನ ಮುಖವಿತ್ತು. ಕುತ್ತಿಗೆಯ ಕೆಳಗೆ ನೇರವಾಗಿ ಕತ್ತರಿಸಿದ ಗುರುತು. ಇದು ಎಲ್ಲಿಯದು ಎಂದೆ. ಒಂದು ಖಾಸಗಿ ಸಂಗ್ರಹದಿಂದ ಬಂದದ್ದು ಎಂದರು. ಅದಕ್ಕೂ ಮುಂಚೆ? ಇನ್ನೊಂದು ಖಾಸಗಿ ಸಂಗ್ರಹದಲ್ಲಿತ್ತು ಎಂದರು. ಅದಕ್ಕೂ ಮುಂಚೆ ಅದು ಯಾವ ಗೋಡೆಯಲ್ಲಿತ್ತು, ಅದರ ಮುಂದೆ ಯಾರು ಕರ್ಪೂರ ಹಚ್ಚುತ್ತಿದ್ದರು ಎಂದು ಕೇಳುವ ಧೈರ್ಯವಾಗಲಿಲ್ಲ. ಮನೆಗೆ ಬಂದವಳೇ ಗಂಡನಿಗೆ ಹೇಳಿದೆ, ಕೊಂಡರೆ ನಕಲನ್ನೇ ಕೊಳ್ಳುತ್ತೇನೆ, ನಕಲೆಂದು ತಾನೇ ಒಪ್ಪಿಕೊಳ್ಳುವ ನಕಲು, ಯಾರೋ ಕೈಯಾರೆ ಮಾಡಿದ್ದು, ಯಾರ ಗುಡಿಯನ್ನೂ ಖಾಲಿ ಮಾಡದ್ದು.

"ದೇವರಿಗೂ ಬ್ಯಾಕ್‌ಗ್ರೌಂಡ್ ಚೆಕ್ ಶುರು ಮಾಡಿದ್ಯಾ?" ಅಂದ. ಡಲ್ಲಾಸ್ ಪಕ್ಕದ ಊರು ಫಾರ್ಮರ್ಸ್ ಬ್ರಾಂಚ್‌ನ ಅವನ ಆಫೀಸಿನಲ್ಲಿ ಆ ವಾರ ಹೊಸಬರನ್ನು ತೆಗೆದುಕೊಳ್ಳುತ್ತಿದ್ದರು.

ಆಮೇಲೆ ಆಸ್ಟಿನ್‌ನ ಒಂದು ಕರಕುಶಲ ಸಂತೆಯಲ್ಲಿ ಒಬ್ಬ ಹೆಂಗಸನ್ನು ಕಂಡೆ. ಐವತ್ತು ದಾಟಿದವರು, ಮುಂಗೈ ತುಂಬ ಸುಟ್ಟ ಕಲೆಗಳು. ಪ್ರಾಚೀನ ಕಾಲದ ದೀಪ, ಬಟ್ಟಲು, ಮುದ್ರೆ, ಆಟಿಕೆ ಇಂಥವುಗಳ ಪ್ರತಿಗಳನ್ನು ಮಣ್ಣಿನಲ್ಲೂ ಕಂಚಿನಲ್ಲೂ ತಾವೇ ಮಾಡಿ ಮಾರುತ್ತಿದ್ದರು. ಅವರ ಮೇಜಿನ ಮೇಲೆ ಎಲ್ಲವೂ ತಲೆಕೆಳಗಾಗಿ ಕೂತಿದ್ದವು. ಮೊದಲು ತಳ ನೋಡಿ, ಆಮೇಲೆ ಮುಖ ನೋಡಿ ಎಂದರು. ಪ್ರತಿಯೊಂದರ ತಳದಲ್ಲೂ ಅವರ ಗುರುತು, ಮಾಡಿದ ವರ್ಷ, ಇದು ಪ್ರತಿ ಎಂಬ ಮಾತು, ಉಜ್ಜಿ ಅಳಿಸಲಾಗದಷ್ಟು ಆಳವಾಗಿ. ಮೂಲ ಯಾವ ಸಂಗ್ರಹಾಲಯದಲ್ಲಿದೆ, ಅವರ ಒಪ್ಪಿಗೆ ಇದೆಯೇ ಎಂದು ತಿಳಿಯದೆ ಯಾವುದನ್ನೂ ನಕಲು ಮಾಡುವುದಿಲ್ಲವಂತೆ. ನಾನು ಅಂಗೈಯಲ್ಲಿ ಹಿಡಿಸುವ ಒಂದು ಮಣ್ಣಿನ ಬಸವನನ್ನು ಕೊಂಡೆ. ಮೂಲದಲ್ಲಿ ಹಿಂಗಾಲು ಮುರಿದು ಯಾರೋ ಅಂಟಿಸಿದ್ದರಂತೆ. ಇವರು ಆ ಅಂಟಿಸಿದ ಗೆರೆಯನ್ನೂ ಬಿಡದೆ ಮಾಡಿದ್ದರು. ಅಷ್ಟು ಪ್ರಾಮಾಣಿಕವಾದ ವಸ್ತುವನ್ನು ನಾನು ಅಮೆರಿಕದಲ್ಲಿ ಅದುವರೆಗೆ ಕೊಂಡಿರಲಿಲ್ಲ ಅನ್ನಿಸಿತು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹ್ಯೂಸ್ಟನ್‌ಗೆ, ಅತ್ತೆಯ ಮನೆಗೆ ಹೋದೆವು.

ಅತ್ತೆ ಎಂದರೆ ಅಪ್ಪನ ಅಕ್ಕ. ಮಾವ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಎಪ್ಪತ್ತು ದಾಟಿದರೂ ಫ್ರೀವೇಯಲ್ಲಿ ನನಗಿಂತ ಜೋರಾಗಿ ಡ್ರೈವ್ ಮಾಡುತ್ತಾರೆ. ಅವರಿಗೆ ವರ್ಷ, ತಿಂಗಳು ನೆನಪಿರುವುದಿಲ್ಲ, ಅಡುಗೆ ನೆನಪಿರುತ್ತದೆ. ನಾನು ಓದಲು ಬಂದು ರಿಚರ್ಡ್‌ಸನ್‌ನಿಂದ ಮೊದಲ ಸಲ ಅವರ ಮನೆಗೆ ಹೋದದ್ದು ಅವರ ಲೆಕ್ಕದಲ್ಲಿ "ಹಾಗಲಕಾಯಿ ಗೊಜ್ಜು ಮಾಡಿದ್ದೆ, ನೀನು ಮುಟ್ಟಲಿಲ್ಲ" ಎಂಬ ದಿನ. ಅವರ ಗ್ರೀನ್‌ಕಾರ್ಡ್ ಬಂದದ್ದು ಒತ್ತು ಶಾವಿಗೆಯ ದಿನ. ಮಾವ ಆಸ್ಪತ್ರೆಗೆ ಸೇರಿದ್ದು ಇಡ್ಲಿ ಹಿಟ್ಟು ಉಕ್ಕಿ ಚೆಲ್ಲಿದ ದಿನ. ನನ್ನ ಡೈರಿಗಿಂತ ಇದೇ ಹೆಚ್ಚು ಭರವಸೆಯದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಬಸವನನ್ನು ಅವರ ಕೈಗಿಟ್ಟೆ. ಕನ್ನಡಕ ಏರಿಸಿ ನೋಡಿದರು.

"ಕಾಲು ಮುರಿದಿರೋ ಬಸವನ್ನ ಕಾಸು ಕೊಟ್ಟು ತಂದ್ಯೇನೇ?"

"ಮುರಿದಿಲ್ಲ ಅತ್ತೆ. ಹಳೇದು ಮುರಿದಿತ್ತು, ಅದೇ ಥರ ಮಾಡಿದಾರೆ."

"ಅಂದ್ರೆ ಬೇಕೂಂತಲೇ ಮುರಿದಿದಾರೆ. ಚೆನ್ನಾಗಿದೆ ಕಣೇ ನಿನ್ನ ವ್ಯಾಪಾರ. ದೇವರ ಮನೇಲಿ ಮಾತ್ರ ಇಡಬೇಡ, ಭಿನ್ನವಾದದ್ದು."

"ಟಿವಿ ಪಕ್ಕ ಇಡ್ತೀವಿ, ಅತ್ತೆ. ಅಲ್ಲಿ ಯಾರೂ ದೇವರನ್ನ ನೋಡಲ್ಲ" ಅಂದ ನನ್ನ ಗಂಡ.

"ನಿನ್ನ ದೇವರ ಮನೆ ಯೋಚನೆ ಯಾಕೆ? ನನ್ನ ಅಮ್ಮನವರು ಹೇಗಿದ್ರೂ ನಿಂಗೇ ತಾನೆ ಬರೋದು" ಅಂದರು ಅತ್ತೆ.

ಅಮ್ಮನವರು ಎಂದರೆ ಅವರ ದೇವರ ಮನೆಯ ನಡುವೆ ನಿಂತಿರುವ ಲೋಹದ ದೇವಿ. ಸುಮಾರು ಒಂದು ಮೊಳ ಎತ್ತರ. ಒಂದು ಕೈಯಲ್ಲಿ ಮೊಗ್ಗು, ಇನ್ನೊಂದು ಕೈ ಸುಮ್ಮನೆ ಇಳಿಬಿಟ್ಟದ್ದು. ಮೂಗು, ಕಣ್ಣು ಸವೆದು ನಯವಾಗಿವೆ. ಪೀಠದ ಎರಡು ಪಕ್ಕದಲ್ಲೂ ಬಳೆಯಂಥ ಕಿವಿಗಳಿವೆ. ಅತ್ತೆ ಅವುಗಳಲ್ಲಿ ಊದುಬತ್ತಿ ಸಿಕ್ಕಿಸುತ್ತಾರೆ. ಅವು ಇರುವುದೇ ಊದುಬತ್ತಿಗೆ ಎಂದು ನಾನು ನಂಬಿದ್ದೆ.

ನಿಮ್ಮ ದೇವಿ ನಿಮ್ಮ ಹತ್ತಿರವೇ ಇರಲಿ, ಅದರದ್ದೇ ಒಂದು ಪ್ರತಿ ಮಾಡಿಸಿಕೊಳ್ಳುತ್ತೇನೆ ಎಂದೆ. ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. "ಮಾಡಿಸ್ಕೋ. ಆದ್ರೆ ನಾನೂ ಬರ್ತೀನಿ. ಕಾಯಿಸ್ತಾರೋ, ಕೊರೀತಾರೋ, ಯಾರಿಗೆ ಗೊತ್ತು" ಅಂದರು. ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದೆ. ತಳದ್ದೂ ತೆಗೆದಿರಬೇಕು ಎಂದುಕೊಂಡಿದ್ದೆ. ತೆಗೆದಿರಲಿಲ್ಲ.

ಆಸ್ಟಿನ್‌ನ ಹೆಂಗಸು ನಾನು ಕಳಿಸಿದ ಫೋಟೊ ನೋಡಿ ಮರುದಿನವೇ ಫೋನ್ ಮಾಡಿದರು. ದೇವಿಯ ಚೆಲುವಿನ ಬಗ್ಗೆ ಎರಡು ಮಾತಾಡಿ, ಪೀಠದ ಪಕ್ಕದ ಆ ಬಳೆಗಳು ಯಾಕಿವೆ ಗೊತ್ತೇ ಎಂದು ಕೇಳಿದರು. ಊದುಬತ್ತಿಗೆ ಎಂದೆ. ಆ ಬಳೆಗಳೊಳಗೆ ಕೋಲು ತೂರಿಸಿ, ಹೆಗಲ ಮೇಲೆ ಹೊತ್ತು ದೇವರನ್ನು ಬೀದಿಯಲ್ಲಿ ಮೆರೆಸುತ್ತಾರಲ್ಲವೇ ಎಂದರು. ಆ ಮಾತು ಕೇಳಿದ ಕೂಡಲೇ ಗೊತ್ತಾಯಿತು. ಉತ್ಸವಮೂರ್ತಿ. ನಾನು ಮೈಸೂರಿನಲ್ಲಿ ಬೆಳೆದವಳು, ಎಷ್ಟೋ ಉತ್ಸವಮೂರ್ತಿಗಳನ್ನು ನೋಡಿದವಳು. ಆದರೆ ಅವುಗಳ ಪೀಠ ಸದಾ ಹೂವು, ರೇಷ್ಮೆಯ ಅಡಿ ಮುಚ್ಚಿರುತ್ತಿತ್ತು. ಮನೆಯ ದೇವರನ್ನು ಯಾರೂ ಕೋಲು ತೂರಿಸಿ ಹೊರುವುದಿಲ್ಲ. ಕೋಲಿನ ಬಳೆ ಇರುವ ದೇವರು ಗುಡಿಯ ದೇವರು.

ಅವಸರ ಬೇಡ ಎಂದರು ಅವರು. ಗುಡಿಯ ಮೂರ್ತಿಯನ್ನು ನೋಡಿಕೊಂಡು ಮನೆಗಾಗಿ ಮಾಡುವವರೂ ಇದ್ದಾರೆ; ಒಳ್ಳೆಯ ಕೆಲಸದವರು ಬಳೆಗಳನ್ನೂ ಬಿಡುವುದಿಲ್ಲ. ನಿಮ್ಮ ಬಸವನ ಕಾಲು ನೆನಪಿದೆಯಲ್ಲ? ಆದರೆ ಇದು ಮನೆಗೆ ಹೇಗೆ ಬಂತೆಂದು ಬಲ್ಲವರು ಹೇಳುವವರೆಗೆ ನಾನು ಇದರ ಪ್ರತಿ ಮಾಡುವುದಿಲ್ಲ. ಕಳುವಾದದ್ದಕ್ಕೆ ಪ್ರತಿ ಮಾಡಿದರೆ ಆ ಕಳ್ಳತನಕ್ಕೆ ನಾನೂ ಕೈಹಚ್ಚಿದ ಹಾಗೆ. ಮೂರ್ತಿಯನ್ನೇ ತನ್ನಿ, ಇದ್ದ ಹಾಗೇ ತನ್ನಿ, ತೊಳೆಯಬೇಡಿ. ತಳದಲ್ಲಿ, ಸೀರೆಯ ಮಡಿಕೆಗಳ ಸಂದಿಯಲ್ಲಿ ಕಿಲುಬು ಇದ್ದೀತು, ಅದನ್ನು ನೋಡಿದರೆ ಏನಾದರೂ ಹೇಳಬಹುದು.

ಮೊದಲು ನನ್ನ ನೆನಪನ್ನೇ ಕೇಳಿದೆ. ಅದು ಕೂಡಲೇ ಒಂದು ಚಿತ್ರ ತಂದು ಕೊಟ್ಟಿತು: ಮೈಸೂರಿನಲ್ಲಿ ತಾತನ, ಎಂದರೆ ಅತ್ತೆಯ ಅಪ್ಪನ ಮನೆ, ಅಡುಗೆಮನೆಯ ಪಕ್ಕದ ಗೂಡು, ಅದರಲ್ಲಿ ಇದೇ ದೇವಿ. ನಾನು ಎಷ್ಟು ಚಿಕ್ಕವಳೆಂದರೆ ನನಗೆ ಪಾದಗಳಷ್ಟೇ ಕಾಣುತ್ತವೆ. ಬಲಗಾಲಿನ ಹೆಬ್ಬೆರಳು ಸವೆದಿದೆ. ಪಕ್ಕದಿಂದ ಊದುಬತ್ತಿಯ ಹೊಗೆ ಏಳುತ್ತಿದೆ. ಅಬ್ಬ, ನಮ್ಮದೇ, ಮನೆತನದ್ದೇ ಎಂದು ಸಮಾಧಾನವಾಯಿತು. ಆ ಸಮಾಧಾನ ಒಂದು ದಿನ ಪೂರ್ತಿ ಇತ್ತು. ಮರುದಿನ ಎಲ್‌ಬಿಜೆ ಫ್ರೀವೇಯ ಟ್ರಾಫಿಕ್‌ನಲ್ಲಿ ನಿಂತಿದ್ದಾಗ ಹೊಳೆಯಿತು: ತಾತನಿಗೆ ಉಬ್ಬಸವಿತ್ತು. ಆ ಮನೆಯಲ್ಲಿ ಊದುಬತ್ತಿ ಹಚ್ಚುತ್ತಿರಲಿಲ್ಲ. ಸಾಂಬ್ರಾಣಿ ಹಾಕಿದ್ದಕ್ಕೆ ಅಜ್ಜಿಯನ್ನು ಒಂದು ಸಲ ಬೈದಿದ್ದರು. ಹಾಗಾದರೆ ಆ ಹೊಗೆ ಹ್ಯೂಸ್ಟನ್‌ನದು. ಹೊಗೆ ಹ್ಯೂಸ್ಟನ್‌ನದಾದರೆ ಹೆಬ್ಬೆರಳು ಎಲ್ಲಿಯದು? ನಮಸ್ಕಾರ ಮಾಡಲು ಬಗ್ಗಿದಾಗ ಅತ್ತೆಯ ಮನೆಯಲ್ಲೂ ನನಗೆ ಕಾಣುವುದು ಪಾದಗಳೇ ಅಲ್ಲವೇ?

ಮೈಸೂರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. "ತಾತನ ಮನೆ ಗೂಡಿನಲ್ಲಿ ಉಪ್ಪಿನಕಾಯಿ ಭರಣಿ ಇತ್ತು. ದೇವರೂ ಇತ್ತೇನೋ. ನಿಮ್ಮತ್ತೆ ಮನೆ ಸಾಮಾನು ನನ್ನ ಕೇಳಬೇಡ, ತಾಯಿ" ಅಂದಳು.

ಕೊನೆಗೆ ಅತ್ತೆಯನ್ನೇ ಕೇಳಿದೆ. "ನಿಮ್ಮ ಮಾವ ತಂದ್ರು" ಅಂದರು. ಎಲ್ಲಿಂದ ಎಂದರೆ, "ಕೆಲಸದ ಮೇಲೆ ಊರೂರು ತಿರುಗ್ತಿದ್ರಲ್ಲ, ಹಾಗೇ ತಂದ್ರು." ಅದಾದ ಮುಂದಿನ ಭಾನುವಾರ ಮತ್ತೆ ಕೇಳಿದಾಗ, "ನಮ್ಮ ಮನೆದೇ ಕಣೇ, ನಮ್ಮಪ್ಪ ಕೊಟ್ಟಿದ್ದು" ಅಂದರು. ಎರಡೂ ಹೇಗೆ ನಿಜವಾಗುತ್ತದೆ ಎಂದರೆ, "ಇವಳು ವಕೀಲೆ ಆಗಬೇಕಿತ್ತು" ಎಂದು ನಕ್ಕು ಫೋನನ್ನು ನನ್ನ ಗಂಡನಿಗೆ ಕೊಡಲು ಹೇಳಿದರು.

ಮಾವ ಅಣೆಕಟ್ಟುಗಳ ಇಂಜಿನಿಯರ್ ಆಗಿದ್ದವರು. ಈ ದೇಶಕ್ಕೆ ಬರುವ ಮುಂಚೆ ಅಲ್ಲಿ ಎಲ್ಲೆಲ್ಲೋ ಕ್ಯಾಂಪ್ ಹಾಕಿದ್ದವರು. "ನೀರಲ್ಲಿ ಮುಳುಗೋ ಊರಿಂದ ಎತ್ಕೊಂಡು ಬಂದಿದ್ರೆ ಅದು ಕದ್ದಿದ್ದಾ, ಕಾಪಾಡಿದ್ದಾ?" ಎಂದು ನನ್ನ ಗಂಡ ಕೇಳಿದ. ತಮಾಷೆಗೆ ಕೇಳಿದ್ದು. ನನಗೆ ಆ ವಾರವಿಡೀ ಊಟ ರುಚಿಸಲಿಲ್ಲ. ನಕಲಾಗಿದ್ದರೆ ಸಾಕು, ಎಲ್ಲ ಸುಸೂತ್ರ ಎಂದು ಒಮ್ಮೆ ಅಂದುಕೊಳ್ಳುವೆ. ಹಾಗಂದುಕೊಂಡ ಕೂಡಲೇ, ಅತ್ತೆ ಇಷ್ಟು ವರ್ಷ ಶುಕ್ರವಾರ ಶುಕ್ರವಾರ ಹಾಲೆರೆದದ್ದು ಯಾವುದೋ ಎಂಪೋರಿಯಮ್ಮಿನ ಗೊಂಬೆಗೇ ಎಂದು ಸಂಕಟವಾಗುವುದು. ನಿಜವಾದದ್ದೇ ಆಗಿದ್ದರೆ ಎಲ್ಲೋ ಒಂದು ಊರಿನಲ್ಲಿ ಕೋಲುಗಳಿವೆ, ಹೆಗಲುಗಳಿವೆ, ದೇವಿ ಇಲ್ಲ. ಅವಳು ನನ್ನ ಕ್ಲಾಸೆಟ್‌ಗೆ ಬರುವವಳಿದ್ದಾಳೆ.

ತೊಳೆಯಬೇಡಿ ಎಂದು ಅತ್ತೆಗೆ ನಾನು ಹೇಳಿದ್ದೆ. ಹೇಳಿದ್ದೆ ಎಂದುಕೊಂಡಿದ್ದೇನೆ. ಹೇಳಲೇ ಇಲ್ಲ ಎಂದು ಅತ್ತೆ ಇವತ್ತಿಗೂ ಅನ್ನುತ್ತಾರೆ.

ಶನಿವಾರ ಬೆಳಿಗ್ಗೆ ಹ್ಯೂಸ್ಟನ್‌ನಲ್ಲಿ ಅವರ ಮನೆಯೊಳಗೆ ಹೋದಾಗ ದೇವಿ ಊಟದ ಮೇಜಿನ ಮೇಲೆ ನಿಂತಿದ್ದಳು. ಆ ಹೊಳಪು ನೋಡಿ ಬೇರೆ ಯಾವುದೋ ಮೂರ್ತಿ ಎಂದುಕೊಂಡೆ. ಸಿಂಕಿನಲ್ಲಿ ಹುಣಸೆಹಣ್ಣಿನ ಚರಟ, ಪಕ್ಕದಲ್ಲಿ ಉಪ್ಪು, ಸೀಗೆಪುಡಿ, ಒಂದು ಹಳೆಯ ಟೂತ್‌ಬ್ರಷ್.

"ಅತ್ತೆ! ಏನು ಮಾಡಿಬಿಟ್ರಿ?"

"ಏನು ಮಾಡಿದೆ? ನಾಲ್ಕು ಜನ ನೋಡೋ ಜಾಗಕ್ಕೆ ಹೋಗೋವಾಗ ಅಮ್ಮನವರು ಕಿಲುಬು ಹಿಡ್ಕೊಂಡು ಹೋಗ್ತಾರಾ? ನೀನು ಮುಖ ತೊಳೀದೆ ಇಂಟರ್‌ವ್ಯೂಗೆ ಹೋಗಿದ್ಯಾ?"

ಎತ್ತಿ ತಳ ನೋಡಿದೆ. ಅದೂ ಥಳಥಳ. ಪ್ರತಿ ಶುಕ್ರವಾರ ಅತ್ತೆ ಉಜ್ಜುವುದು ಮುಖ, ಕೈ, ಪಾದ ಅಷ್ಟೇ. ತಳವನ್ನು ಉಜ್ಜಿದ್ದನ್ನು ನಾನು ನೋಡಿರಲಿಲ್ಲ. ನೋಡಿದ್ದರೂ ನೆನಪಿರಲಿಲ್ಲವೋ ಏನೋ. ಟೂತ್‌ಬ್ರಷ್ ಹಾಕಿ ಮಡಿಕೆಗಳ ಸಂದಿಯನ್ನೂ ಬಿಟ್ಟಿರಲಿಲ್ಲ. "ರಾತ್ರಿಯೇ ನೆನೆಹಾಕಿದ್ದೆ" ಎಂದರು ಹೆಮ್ಮೆಯಿಂದ.

ಆಸ್ಟಿನ್‌ನಲ್ಲಿ ಆ ಹೆಂಗಸಿನ ಕೆಲಸದ ಜಾಗ ಮನೆಯ ಹಿತ್ತಲಿನಲ್ಲಿತ್ತು. ಮೇಣದ ವಾಸನೆ, ಕುಲುಮೆ, ಗೋಡೆಯುದ್ದಕ್ಕೂ ಕಪಾಟು, ಅದರಲ್ಲಿ ಮಾರಾಟಕ್ಕಿದ್ದ ಪ್ರತಿಗಳು. ದೇವಿಯನ್ನು ಬಿಚ್ಚಿಟ್ಟಾಗ ಅವರ ಬಾಯಿಂದ ಒಂದು ಸಣ್ಣ ಶಬ್ದ ಬಂತು. ಸಂತೋಷದ ಶಬ್ದವಲ್ಲ. ಆಮೇಲೆ ನನ್ನತ್ತ ನೋಡಿದರು, ಅತ್ತೆಯತ್ತ ನೋಡಿದರು. ಭೂತಗನ್ನಡಿ ತಂದು ಬಹಳ ಹೊತ್ತು ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅತ್ತೆ ಕಪಾಟಿನ ಮುಂದೆ ನಿಂತು, ಪಾರಿವಾಳದಷ್ಟು ಗಾತ್ರದ ಒಂದು ದೀಪವನ್ನು ಎತ್ತಿ, ಮತ್ತೆ ಇಟ್ಟು, ಇಂಗ್ಲಿಷಿನಲ್ಲಿ ಕೇಳಿದರು:

"ಇವೆಲ್ಲ ಯಾರ ಮನೆಯವು?"

ಯಾರ ಮನೆಯವೂ ಅಲ್ಲ, ಪ್ರತಿಗಳು, ಮೂಲಗಳು ಸಂಗ್ರಹಾಲಯಗಳಲ್ಲಿವೆ ಎಂದರು ಅವರು.

"ಅಲ್ಲಿಗೆ ಮುಂಚೆ ಯಾರ ಮನೆಯಲ್ಲಿದ್ದವು?"

ಆ ಹೆಂಗಸು ನಕ್ಕರು. ಒಳ್ಳೆಯ ಪ್ರಶ್ನೆ, ಕೆಲವುಗಳದ್ದು ಗೊತ್ತು, ಎಲ್ಲದರದ್ದೂ ನನಗೂ ಗೊತ್ತಿಲ್ಲ ಎಂದರು. ಡಲ್ಲಾಸ್‌ನ ಅಂಗಡಿಯಲ್ಲಿ ನಾನು ಕೇಳಿದ್ದೂ ಇದನ್ನೇ. ಅಲ್ಲಿ ಕೇಳುವಾಗ ನನ್ನದು ನ್ಯಾಯವಾದ ಪ್ರಶ್ನೆ ಅನ್ನಿಸಿತ್ತು. ಇಲ್ಲಿ ಅತ್ತೆ ಕೇಳಿದಾಗ, ಇವರು ನನ್ನ ಪ್ರಶ್ನೆಯನ್ನು ಬೇರೆ ಕಡೆ ತಿರುಗಿಸುತ್ತಿದ್ದಾರೆಯೇ ಎಂದು ಅನುಮಾನ ಬಂತು. ಅನುಮಾನಪಟ್ಟದ್ದಕ್ಕೆ ನಾಚಿಕೆಯೂ ಬಂತು.

ದೇವಿಯನ್ನು ನೋಡಿ ಮುಗಿಸಿ ಅವರು ಹೇಳಿದ್ದು ಇಷ್ಟು. ಕೆಲಸ ತುಂಬ ಚೆನ್ನಾಗಿದೆ. ಬಹಳ ಹಳೆಯದಿರಬಹುದು, ಇಲ್ಲವೇ ನಿಮ್ಮ ಅತ್ತೆಗಿಂತ ಚಿಕ್ಕದಿರಬಹುದು. ಸವೆತವನ್ನು ಕೈಯಿಂದಲೂ ಮಾಡಬಹುದು, ನಾನೂ ಮಾಡುತ್ತೇನೆ. ಕಿಲುಬು ಇದ್ದಿದ್ದರೆ ಒಂದು ಮಾತು ಹೇಳುತ್ತಿದ್ದೆ, ಅದೂ ಗಟ್ಟಿ ಮಾತಲ್ಲ. ತಳದಲ್ಲಿ ಮಾಡಿದವರ ಗುರುತು ಇಲ್ಲ. ಇದ್ದು ಅಳಿಸಿದ ಹಾಗೂ ಕಾಣುವುದಿಲ್ಲ. ಪ್ರತಿ ಮಾಡಲಾರೆ, ಕ್ಷಮಿಸಿ.

ಅತ್ತೆ ಅವರಿಗೆ ಚಕ್ಕುಲಿ ಡಬ್ಬ ಕೊಟ್ಟರು. ಅವರು ಅಲ್ಲೇ ಒಂದು ಮುರಿದು ತಿಂದು, ಇದನ್ನು ಮಾಡುವುದು ಹೇಗೆ ಎಂದು ಕೇಳಿದರು. ಇಬ್ಬರೂ ಅಕ್ಕಿ ಹಿಟ್ಟಿನ ವಿಷಯ ಮಾತಾಡುತ್ತ ಗೇಟಿನವರೆಗೆ ಬಂದರು. ನಾನು ದೇವಿಯನ್ನು ಎತ್ತಿಕೊಂಡು ಹಿಂದೆ ಬಂದೆ. ನಾನು ಎಣಿಸಿದ್ದಕ್ಕಿಂತ ಭಾರವಾಗಿದ್ದಳು. ಬಳೆಗಳೊಳಗೆ ಬೆರಳು ತೂರಿಸಿದರೆ ಹಿಡಿಯುವುದು ಸುಲಭವಾಗುತ್ತಿತ್ತು, ನಾನು ತೂರಿಸಲಿಲ್ಲ.

ವಾಪಸು ಬರುವಾಗ ಗಂಡ ಪೆಟ್ರೋಲ್ ಹಾಕಿಸಲು ನಿಲ್ಲಿಸಿದ. ಅವನು ಒಳಗೆ ಕಾಫಿ ತರಲು ಹೋದಾಗ ಕಾರಿನಲ್ಲಿ ನಾವಿಬ್ಬರೇ ಇದ್ದೆವು. ನೀವು ಬೇಕೆಂತಲೇ ತಿಕ್ಕಿದಿರಾ ಎಂದು ಕೇಳಬೇಕೆಂದಿತ್ತು. ಆಗಲಿಲ್ಲ. ಎಪ್ಪತ್ತು ದಾಟಿದವರು ದೇವರನ್ನು ತೊಳೆದದ್ದಕ್ಕೆ ಯಾವ ಬಾಯಲ್ಲಿ ಕಾರಣ ಕೇಳುವುದು? ಅತ್ತೆ ತಾವೇ ಮಾತು ತೆಗೆದರು.

"ನಿಂಗೆ ಬೇಡವಾದ್ರೆ ಹೇಳಿಬಿಡು ಕಣೇ. ಇಲ್ಲೇ ದೇವಸ್ಥಾನಕ್ಕೆ ಕೊಡ್ತೀನಿ. ಬೇಸರ ಇಲ್ಲ."

"ಬೇಡ ಅಂತಲ್ಲ, ಅತ್ತೆ. ಅವಳು ಯಾರೂಂತ ಗೊತ್ತಾಗಬೇಕಲ್ಲ."

"ಅಮ್ಮನವರು ಯಾರೂಂತ ಕೇಳ್ತಿದಾಳೆ ನೋಡು" ಎಂದು ಕಿಟಕಿಯ ಕಡೆ ತಿರುಗಿದರು. ಅವರ ಮುಖ ನನಗೆ ಕಾಣಲಿಲ್ಲ. ಕೋಪದಲ್ಲಿದ್ದರು ಎಂದು ಆಗ ಅನ್ನಿಸಿತ್ತು. ಈಗ ಹೆದರಿದ್ದರೇನೋ ಅನ್ನಿಸುತ್ತದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದರು, ಅಷ್ಟೇ, ಎಂದು ಗಂಡ ಅನ್ನುತ್ತಾನೆ. ಅವನು ಅಲ್ಲಿ ಇರಲೇ ಇಲ್ಲ.

ಆಗ ನನಗೆ ಅವರ ಅಡುಗೆಯ ಲೆಕ್ಕ ನೆನಪಾಯಿತು. ಮಾವ ತಂದದ್ದೋ, ತಾತ ಕೊಟ್ಟದ್ದೋ, ಅಂಗಡಿಯದೋ, ಗುಡಿಯದೋ, ಇವೆಲ್ಲಕ್ಕೂ ಅತ್ತೆ ದಿನಕ್ಕೊಂದು ಉತ್ತರ ಕೊಡಬಲ್ಲರು. ಆದರೆ ಅಡುಗೆಯಲ್ಲಿ ಅವರು ತಪ್ಪಿದ್ದನ್ನು ನಾನು ಕಂಡಿಲ್ಲ. ದೇವರು ಮನೆಗೆ ಬಂದ ದಿನ ಯಾರ ಮನೆಯಲ್ಲೂ ಒಲೆ ಸುಮ್ಮನಿರುವುದಿಲ್ಲ. ತವರಿನಿಂದ ಬಂದಿದ್ದರೆ ಅಜ್ಜಿಯ ಕೈಯಡುಗೆ, ಅಂಗಡಿಯಿಂದಾದರೆ ಒಂದಿಷ್ಟು ಸಜ್ಜಿಗೆ. ಯಾರಿಗೂ ಹೇಳಬಾರದ ಹಾಗೆ ಬಂದಿದ್ದರೆ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಅದಕ್ಕೇ ಕೇಳಿದೆ. ಅವರು ಬಾಯಿ ತೆರೆದರು. ಅಷ್ಟರಲ್ಲಿ ಗಂಡ ಕಾಫಿ ಹಿಡಿದು ಬಂದ. ಕಾಫಿ ತಣ್ಣಗಿದೆ ಎಂದು ಅತ್ತೆ ಹ್ಯೂಸ್ಟನ್ ತಲುಪುವವರೆಗೂ ಬೈದರು.

ಈಗಲೂ ಪ್ರತಿ ಭಾನುವಾರ ಫೋನ್ ಮಾಡುತ್ತೇನೆ. ಅತ್ತೆ ಅವರೆಕಾಳು ಸಿಕ್ಕ ಅಂಗಡಿಯ ವಿಷಯ ಹೇಳುತ್ತಾರೆ, ನನ್ನ ಮದುವೆಯ ವರ್ಷ ಮಾಡಿದ ಹೋಳಿಗೆ ಹರಿದುಹೋದದ್ದನ್ನು ಹೇಳುತ್ತಾರೆ. ನಮ್ಮ ದೇವರ ಮನೆಯ ಮೇಲಿನ ಮೆಟ್ಟಿಲು ಖಾಲಿಯೇ ಇದೆ. ಬಸವ ಟಿವಿಯ ಪಕ್ಕ ಇದ್ದಾನೆ. ಪ್ರತಿ ಸಲ ಫೋನ್ ಇಡುವ ಮುಂಚೆ ಮತ್ತೆ ಅದನ್ನೇ ಕೇಳುತ್ತೇನೆ. ಆ ಕಡೆ ಕುಕ್ಕರ್ ಕೂಗುತ್ತದೆ, ಇಲ್ಲವೇ ಬಾಗಿಲಿಗೆ ಯಾರೋ ಬಂದಿರುತ್ತಾರೆ.

"ಅತ್ತೆ, ಅಮ್ಮನವರು ಮನೆಗೆ ಬಂದ ದಿನ ಏನು ಅಡುಗೆ ಮಾಡಿದ್ರಿ?"